ಗಲ್ಲ ಸ್ವಲ್ಪ ಮೇಲೆ

ವಿಷು ಕಳೆದ ಮೇಲೆ ನನ್ನ ಸ್ಟುಡಿಯೋಗೆ
ಸಂಜೆ ನಾಲ್ಕಕ್ಕೇ ಬೀಗ.
ಪಾಸ್‌ಪೋರ್ಟಿನವರು ಬೈದುಕೊಂಡು ಹೋಗುತ್ತಾರೆ.
ಹೋಗಲಿ. ವರ್ಷವಿಡೀ ಅವರ ಕಿವಿಗಳನ್ನೇ ನೋಡಿದ್ದೇನೆ:
ಎರಡೂ ಕಾಣಬೇಕು, ಹಿಂದೆ ಬಿಳಿ ಇರಬೇಕು,
ನಗಬಾರದು, ಗಲ್ಲ ಸ್ವಲ್ಪ ಮೇಲೆ,
ಕಣ್ಣು ಮುಚ್ಚಬೇಡಿ.

ಕುಂಞಾಮುವಿನ ಆಟೋ ಧರ್ಮತ್ತಡ್ಕದವರೆಗೆ ಗೊಣಗದೆ ಬರುತ್ತದೆ.
ಆಮೇಲೆ ಏರು. ಆಮೇಲೆ ನಾವೇ ಗೊಣಗುತ್ತೇವೆ.
ಪೊಸಡಿಗುಂಪೆಯ ಮುಳಿಹುಲ್ಲಿಗೆ ಮೇ ತಿಂಗಳಲ್ಲಿ
ಬೆಂಕಿಕಡ್ಡಿಗೆ ಹೆದರುವ ಬಣ್ಣ.
ಗೇರುಹಣ್ಣಿನ ವಾಸನೆ ಕ್ಯಾಮರಾದ ಚೀಲಕ್ಕೂ ಹತ್ತಿದೆ;
ಮೊನ್ನೆ ಮದುಮಗಳೊಬ್ಬಳು ಮೂಗು ಮುಚ್ಚಿಕೊಂಡಳು.

ಪಡುವಣಕ್ಕೆ ಕಡಲು, ತಗಡಿನ ಪಟ್ಟಿ.
ಮೂಡಣಕ್ಕೆ ಘಟ್ಟ, ಒಂದರ ಹಿಂದೆ ಒಂದು,
ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರ ಹಾಗೆ:
ಮುಂದಿನವನದ್ದು ಅಂಗಿ ಕಾಣುತ್ತದೆ,
ಹಿಂದಿನವನದ್ದು ಬರೀ ಹೆಗಲು,
ಅದರಾಚೆ ಕುದುರೆಮುಖ, ಇದೆ ಅಂದರೆ ಇದೆ.
ನಡುವೆ ಕಲ್ಲುಕೋರೆಗಳು,
ಗುಡ್ಡದ ಮೈಯಿಂದ ಚೌಕ ಚೌಕವಾಗಿ ಕೊಯ್ದು ತೆಗೆದ ಕೆಂಪು.
ಮೊದಲೆಲ್ಲ ಅವನ್ನು ಚೌಕಟ್ಟಿನಾಚೆ ತಳ್ಳುತ್ತಿದ್ದೆ,
ಮೊಡವೆ ಅಳಿಸುವ ಹಾಗೆ. ಈಗ ಬಿಟ್ಟಿದ್ದೇನೆ.
ನನ್ನ ಮನೆಯ ಗೋಡೆಯೂ ಅಲ್ಲಿಂದಲೇ ಬಂದದ್ದು.

ದೂಮಣ್ಣ, ನನಗೆ ಕೆಲಸ ಕಲಿಸಿದವರು,
ಸ್ಟುಡಿಯೋದ ಪರದೆಯ ಮೇಲೆ ಬೆಟ್ಟ ಬರೆದಿದ್ದರು:
ಹಿಮ, ಎರಡು ಹಂಸ, ಮೊಟ್ಟೆಯ ಹಳದಿಯಂಥ ಸೂರ್ಯ.
ಊರಿನ ಅರ್ಧ ದಾಂಪತ್ಯ ಅದರ ಮುಂದೆಯೇ ನಿಂತದ್ದು.
ಹುಟ್ಟುವ ಸೂರ್ಯನೋ ಮುಳುಗುವವನೋ ಎಂದರೆ
"ಗಿರಾಕಿ ಹೇಳಿದ ಹಾಗೆ" ಅನ್ನುತ್ತಿದ್ದರು.
ಉಬ್ಬಸದವರು; ಈ ಗುಡ್ಡ ಒಮ್ಮೆಯೂ ಹತ್ತಲಿಲ್ಲ.

ಇಲ್ಲಿ ಗಿರಾಕಿ ಹೇಳಿದ ಹಾಗೆ ಏನೂ ಇಲ್ಲ.
ಅವನು ಇಳಿಯುತ್ತಿರುವಾಗ ನಾನು
ಹುಲ್ಲಲ್ಲಿ ಟ್ರೈಪಾಡಿನ ಸ್ಕ್ರೂ ಹುಡುಕುತ್ತಿರುತ್ತೇನೆ.
ಇಲ್ಲವೇ ಕಡಲು ಮುಟ್ಟಲು ಬೆರಳಗಲ ಇರುವಾಗ
ಬೂದಿಯಂಥ ಮಬ್ಬೊಂದು ಅವನನ್ನು ಸದ್ದಿಲ್ಲದೆ ಒರೆಸುತ್ತದೆ.
ನೂರರಲ್ಲಿ ತೊಂಬತ್ತೇಳು, ಕುಂಞಾಮುವಿನ ತೀರ್ಪಿನಂತೆ,
ಕಿತ್ತಳೆಹಣ್ಣಿನ ಫೋಟೋ.

ಪತ್ತನಾಜೆಯ ಹಿಂದಿನ ದಿನ ಗಾಳಿ ತಿರುಗಿತು.
ಮೋಡ ಕಡಲಿಂದಲ್ಲ, ಘಟ್ಟದ ಕಡೆಯಿಂದ,
ಕಪ್ಪಲ್ಲ, ಜಜ್ಜಿದ ನೇರಳೆ.
ಸಾಲಿನ ಕೊನೆಯವನು ಮೊದಲು ಅಳಿದ,
ಆಮೇಲೆ ಅವನ ಮುಂದಿನವ,
ಆಮೇಲೆ ಅಂಗಿ ಕಾಣುತ್ತಿದ್ದವ.
"ಇಳಿಯುವ ಮಾರಾಯ, ಬೋಳು ಗುಡ್ಡ ಇದು,
ಎತ್ತರದ್ದು ಅಂತ ಇರುವುದು ನಾವಿಬ್ಬರೇ."
ಇನ್ನೊಂದು, ಅಂದೆ. ಇನ್ನೊಂದೇ ಒಂದು.

ಕೊನೆಗೆ, ತಾನಾಗಿ ತೆಗೆಯುತ್ತಿರು ಎಂದು ಕ್ಯಾಮರಾಕ್ಕೆ ಹೇಳಿ,
ಅದಕ್ಕೊಂದು ಪ್ಲಾಸ್ಟಿಕ್ ಕೊಟ್ಟೆ ತೊಡಿಸಿ,
ಇಪ್ಪತ್ತು ಹೆಜ್ಜೆ ಕೆಳಗೆ ತಗ್ಗಿನಲ್ಲಿ ಕುಕ್ಕರಗಾಲಲ್ಲಿ ಕೂತೆವು.

ಬೆಳಕು. ಒಂಜಿ, ರಡ್ಡ್, ಮೂಜಿ, ನಾಲ್...
ಹೆದರಿದಾಗ ಲೆಕ್ಕ ತುಳುವಿನಲ್ಲೇ ಬರುತ್ತದೆ.
ಕುಂಞಾಮು ಎಣಿಸಿದ್ದು ಅವನ ಭಾಷೆಯಲ್ಲಿ.
ಗುಡುಗು ಇಬ್ಬರಿಗೂ ಒಟ್ಟಿಗೇ ಬಂತು.
ಮತ್ತೆ ಬೆಳಕು. ಒಂಜಿ,
ಅಷ್ಟೇ.

ರಾತ್ರಿ ಕೂತು ನೋಡಿದೆ. ಇನ್ನೂರ ಹದಿನಾಲ್ಕು ಕಪ್ಪು.
ಒಂದರಲ್ಲಿ ಮಾತ್ರ
ಘಟ್ಟಗಳೆಲ್ಲ ಒಟ್ಟಿಗೆ ತಲೆ ಎತ್ತಿವೆ, ಕೊನೆಯವನೂ,
ಕುದುರೆಯ ಮೂತಿ, ಹೊಳ್ಳೆ ಸಮೇತ.
ಕೋರೆಯ ಚೌಕಗಳಲ್ಲಿ ನೀಲಿ ನಿಂತಿದೆ.
ದೂರದ ಯಾವುದೋ ಅಂಗಳದಲ್ಲಿ
ಒಳಗೆ ತರಲು ಮರೆತ ಬಿಳಿ ಮುಂಡು
ಗಾಳಿಯ ಮೇಲೆ ಅಡ್ಡ ಮಲಗಿದೆ.
ಎಡಮೂಲೆಯಲ್ಲಿ ಇಬ್ಬರು.
ಕಿವಿ ಕಾಣುವುದಿಲ್ಲ, ಅಂಗೈ ಒತ್ತಿಕೊಂಡಿದ್ದಾರೆ.
ಗಲ್ಲ ಎದೆಗೆ ತಾಗಿದೆ.
ಕುಂಞಾಮು ನಗುತ್ತಿದ್ದಾನೆ.
ನಾನು ಕಣ್ಣು ಮುಚ್ಚಿದ್ದೇನೆ.

ಬೆಳಿಗ್ಗೆ ಬಂದವನು ದೋಹಾಕ್ಕೆ ಹೊರಟ ಹುಡುಗ.
ಕೂತ, ಗಲ್ಲ ಎತ್ತಿದ,
ಫ್ಲ್ಯಾಶಿಗೆ ರೆಪ್ಪೆ ಬಡಿದ.
ತಪ್ಪಾಯಿತು, ಇನ್ನೊಮ್ಮೆ ತೆಗೀರಿ, ಅಂದ.
ಪರವಾಗಿಲ್ಲ, ಅಂದೆ.
ಹೊರಗೆ ಪತ್ತನಾಜೆಯ ಹತ್ತು ಹನಿ ಬೀಳುತ್ತಿತ್ತು.
ಎಣಿಸಲಿಲ್ಲ.